ಲೋಣಾರ್‌ಗೆ ಬಸ್ಸು ಹೊರಡುವ ಮುನ್ನ

ಡಿಸೆಂಬರ್ ಹತ್ತಿರವಾದರೆ ತರಗತಿಯಲ್ಲಿ ಪಾಠಕ್ಕಿಂತ ಪ್ರವಾಸದ ಮಾತೇ ಹೆಚ್ಚು. ಮೈಸೂರು, ಊಟಿ, ಹಂಪಿ ಎಂಬ ಹಳೆಯ ಪಟ್ಟಿಗೆ ಇನ್ನೊಂದು ಹೆಸರನ್ನೂ ಸೇರಿಸಬಹುದು: ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ್ ಸರೋವರ. ಆಕಾಶದಿಂದ ಬಿದ್ದ ಉಲ್ಕಾಶಿಲೆಯಿಂದ ಆದ ಕುಳಿಯಲ್ಲಿ ನಿಂತಿರುವ ನೀರು ಅದು. ಕುಳಿಯ ಅಗಲ ಸುಮಾರು 1.8 ಕಿಲೋಮೀಟರ್. ದಂಡೆಯ ಮೇಲೆ ನಿಂತು ಫೋಟೋ ತೆಗೆದು ಮರಳುವುದಾದರೆ ಇಪ್ಪತ್ತು ನಿಮಿಷ ಸಾಕು. ಅಷ್ಟಕ್ಕಾಗಿ ಎಂಟುನೂರಕ್ಕೂ ಹೆಚ್ಚು ಕಿಲೋಮೀಟರ್ ಹೋಗುವುದು ನಷ್ಟವೇ ಸರಿ. ಒಂದು ಪ್ರಶ್ನೆಯನ್ನು ಜೊತೆಗೆ ಕೊಂಡೊಯ್ದರೆ ಮಾತ್ರ ಲಾಭ: ಇದು ಆಕಾಶದಿಂದ ಬಿದ್ದದ್ದರಿಂದಲೇ ಆದ ಕುಳಿ ಎಂದು ಹೇಗೆ ಗೊತ್ತಾಯಿತು?

ಉತ್ತರ ಹುಡುಕುವ ಕೆಲಸ ಬಸ್ಸಿನ ಕಿಟಕಿಯಿಂದಲೇ ಶುರುವಾಗುತ್ತದೆ. ಭಟ್ಕಳ, ಹೊನ್ನಾವರ, ಕುಮಟಾ ದಾಟಿ ಅಂಕೋಲಾಕ್ಕೆ ಬಂದರೆ ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 52 ಹಿಡಿಯಬೇಕು. ಪಂಜಾಬಿನ ಸಂಗ್ರೂರ್‌ವರೆಗೆ ಹೋಗುವ ಈ ರಸ್ತೆಯಲ್ಲಿ ಯಲ್ಲಾಪುರ, ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ ದಾಟಿ ಬೀಡ್‌ವರೆಗೂ ಸಾಗಬಹುದು. ದಾರಿಯಲ್ಲಿ ಕಲ್ಲುಗಳನ್ನು ಗಮನಿಸಿ. ನಮ್ಮ ಕರಾವಳಿಯ ಗೋಡೆಗಳು ಕೆಂಪು ಚಿರೇಕಲ್ಲಿನವು. ವಿಜಯಪುರ ತಲುಪುವಾಗ ಕಲ್ಲು ಕಪ್ಪಾಗಿರುತ್ತದೆ. ಗೋಲಗುಮ್ಮಟವನ್ನು ಕಟ್ಟಿದ್ದು ಇದೇ ಬಸಾಲ್ಟ್ ಕಲ್ಲಿನಿಂದ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರಿ ಪದರ ಪದರವಾಗಿ ಗಟ್ಟಿಯಾದ ಬಂಡೆ ಇದು. ಲೋಣಾರ್ ಕುಳಿ ಇರುವುದೂ ಇದೇ ಬಸಾಲ್ಟಿನಲ್ಲಿ.

ಗೊಂದಲ ಹುಟ್ಟಿದ್ದೂ ಇಲ್ಲಿಯೇ. ಲಾವಾ ನಾಡಿನಲ್ಲಿ ಗುಂಡನೆಯ ಕುಳಿ ಕಂಡರೆ ಜ್ವಾಲಾಮುಖಿಯ ಬಾಯಿ ಎಂದುಕೊಳ್ಳುವುದು ಸಹಜ. ಬಹುಕಾಲ ಹಾಗೆಯೇ ಅಂದುಕೊಂಡಿದ್ದರು. ನಮ್ಮ ಕುಮಟಾ ತಾಲೂಕಿನ ಯಾಣವನ್ನೇ ನೋಡಿ. ಕಪ್ಪು ಶಿಖರಗಳನ್ನು ಕಂಡವರಿಗೆ ಬೆಂಕಿಯಲ್ಲಿ ಸುಟ್ಟಂತೆ ತೋರುತ್ತದೆ. ಭಸ್ಮಾಸುರನ ಕಥೆಯೂ ಅಲ್ಲಿಗೆ ಹೊಂದುತ್ತದೆ. ಆದರೆ ಅವು ಸುಣ್ಣಕಲ್ಲಿನ ಬಂಡೆಗಳು. ಕಣ್ಣಿಗೆ ಕಂಡ ಆಕಾರ, ಬಣ್ಣ ಮಾತ್ರ ಸಾಕ್ಷಿಯಾಗುವುದಿಲ್ಲ. ಕಲ್ಲನ್ನೇ ಪರೀಕ್ಷಿಸಬೇಕು.

ಲೋಣಾರ್‌ನಲ್ಲಿ ಆ ಪರೀಕ್ಷೆ ನಡೆಯಿತು. ಸರೋವರದ ತಳವನ್ನು ಕೊರೆದು ತೆಗೆದ ಕಲ್ಲಿನ ಚೂರುಗಳಲ್ಲಿ ಮಾಸ್ಕೆಲಿನೈಟ್ ಎಂಬ ಗಾಜು ಸಿಕ್ಕಿತು. ಬಸಾಲ್ಟಿನೊಳಗಿನ ಫೆಲ್ಡ್‌ಸ್ಪಾರ್ ಖನಿಜ ಭಾರೀ ಆಘಾತದ ಒತ್ತಡಕ್ಕೆ ಸಿಕ್ಕಿದಾಗ ಈ ಗಾಜಾಗುತ್ತದೆ. ಅಷ್ಟು ಒತ್ತಡ ಜ್ವಾಲಾಮುಖಿಯಿಂದ ಬರುವುದಿಲ್ಲ. 1973ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಮೆರಿಕ ಮತ್ತು ಭಾರತದ ವಿಜ್ಞಾನಿಗಳು ಇದನ್ನು ಪ್ರಕಟಿಸಿದ ಮೇಲೆ ಸಂಶಯ ತೀರಿತು. ಚಂದ್ರನ ಮೇಲಿನ ಕಪ್ಪು ಬಯಲುಗಳೂ ಬಸಾಲ್ಟಿನವೇ ಆದ್ದರಿಂದ ಅಲ್ಲಿನ ಕುಳಿಗಳನ್ನು ಅರಿಯಲು ವಿಜ್ಞಾನಿಗಳು ಲೋಣಾರ್‌ಗೆ ಬರುತ್ತಾರೆ.

“ಹಾಗಾದರೆ ಬಿದ್ದ ಕಲ್ಲು ಎಲ್ಲಿ?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಮ್ಮ ಭೌತಶಾಸ್ತ್ರದ ಪಾಠದಲ್ಲಿ ಉತ್ತರವಿದೆ. ಗಂಟೆಗೆ 80 ಕಿ.ಮೀ. ಓಡುವ ಬಸ್ಸಿನ ವೇಗ ಸೆಕೆಂಡಿಗೆ ಸುಮಾರು 22 ಮೀಟರ್. ಬಾಹ್ಯಾಕಾಶದಿಂದ ಭೂಮಿಗೆ ಬರುವ ಕಲ್ಲಿನ ವೇಗ ಸೆಕೆಂಡಿಗೆ ಕನಿಷ್ಠ 11 ಕಿಲೋಮೀಟರ್, ಅಂದರೆ ಬಸ್ಸಿನ 500 ಪಟ್ಟು. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅದೇ ತೂಕದ ಕಲ್ಲಿಗೆ ಬಸ್ಸಿಗಿಂತ ಎರಡೂವರೆ ಲಕ್ಷ ಪಟ್ಟು ಶಕ್ತಿ! ಆ ಶಕ್ತಿಯೆಲ್ಲ ಕ್ಷಣದಲ್ಲಿ ಬಿಡುಗಡೆಯಾದಾಗ ಬಂದ ಕಲ್ಲಿನ ಬಹುಭಾಗ ಕರಗಿ ಆವಿಯಾಗಿ ಹೋಗುತ್ತದೆ. ಉಳಿಯುವುದು ಕುಳಿ.

ಇನ್ನು ನೀರಿನ ಮಾತು. ನಮಗೆ ಉಪ್ಪೆಂದರೆ ಸಾಣಿಕಟ್ಟಾದ ಗದ್ದೆಗಳು, ಅಂದರೆ ಸಮುದ್ರದ ಉಪ್ಪು. ಲೋಣಾರ್‌ನ ಹತ್ತಿರ ಸಮುದ್ರವಿಲ್ಲ. ದಂಡೆಯ ಬಳಿ ಸಿಹಿನೀರಿನ ಧಾರೆ ಹರಿಯುತ್ತದೆ, ಆದರೂ ಸರೋವರ ಉಪ್ಪು. ಒಳಬಂದ ನೀರಿಗೆ ಹೊರಹೋಗಲು ದಾರಿಯಿಲ್ಲ. ಬಿಸಿಲಿಗೆ ನೀರು ಆವಿಯಾಗುತ್ತದೆ, ಲವಣ ಉಳಿಯುತ್ತದೆ. ಅದರಲ್ಲಿ ಸೋಡಾ ಅಂಶ ಹೆಚ್ಚಿರುವುದರಿಂದ ನೀರು ಕ್ಷಾರೀಯ. ಪಿಎಚ್ ಸುಮಾರು 10. ಅರಿಶಿನ ಹಚ್ಚಿದ ಕಾಗದದ ಮೇಲೆ ಒಂದು ಹನಿ ಬಿದ್ದರೆ ಕೆಂಪಾಗುತ್ತದೆ. ಗಾಜು, ಸಾಬೂನು ತಯಾರಿಗೆ ಬೇಕಾದ ವಸ್ತುಗಳು ಇಲ್ಲಿ ಸಿಗುತ್ತವೆಂದು ಅಬುಲ್ ಫಝಲ್ ಅವರ ‘ಐನ್-ಎ-ಅಕ್ಬರಿ’ ನಾಲ್ಕು ಶತಮಾನಗಳ ಹಿಂದೆಯೇ ದಾಖಲಿಸಿದೆ. 2020ರ ಜೂನ್‌ನಲ್ಲಿ ಇಡೀ ಸರೋವರ ಗುಲಾಬಿ ಬಣ್ಣಕ್ಕೆ ತಿರುಗಿ ಸುದ್ದಿಯಾಯಿತು. ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆ ಪರೀಕ್ಷಿಸಿದಾಗ ಉಪ್ಪುನೀರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳೇ ಕಾರಣವೆಂದು ತಿಳಿಯಿತು. ಅದೇ ವರ್ಷ ಸರೋವರವನ್ನು ರಾಮ್ಸಾರ್ ಪಟ್ಟಿಗೆ ಸೇರಿಸಲಾಯಿತು.

ಕುಳಿಯ ವಯಸ್ಸು ಕೇಳಿದರೆ ಒಬ್ಬರು 52 ಸಾವಿರ ವರ್ಷ ಎನ್ನಬಹುದು, ಇನ್ನೊಬ್ಬರು 5 ಲಕ್ಷ 70 ಸಾವಿರ ಎನ್ನಬಹುದು. ಇಬ್ಬರೂ ಬಾಯಿಗೆ ಬಂದಂತೆ ಹೇಳುತ್ತಿಲ್ಲ. ಮೊದಲನೆಯದು ಥರ್ಮೋಲ್ಯುಮಿನಸೆನ್ಸ್ ವಿಧಾನದಿಂದ ಬಂದ ಲೆಕ್ಕ, ಎರಡನೆಯದು ನಂತರ ಆರ್ಗಾನ್ ಸಮಸ್ಥಾನಿಗಳಿಂದ ಬಂದ ಲೆಕ್ಕ. ಪರೀಕ್ಷೆಯಲ್ಲಿ ಒಂದೇ ಸರಿ ಉತ್ತರ ಬರೆದು ರೂಢಿಯಾದ ನಮಗೆ ಇದು ಇರುಸುಮುರುಸು. ಆದರೆ ಹೊಸ ಸಾಕ್ಷಿ ಸಿಕ್ಕಾಗ ಹಳೆಯ ಉತ್ತರವನ್ನು ಮತ್ತೆ ತೂಗಿ ನೋಡುವುದೇ ವಿಜ್ಞಾನದ ರೀತಿ.

ಕೊನೆಗೊಂದು ವಿನಂತಿ. ಅಲ್ಲಿನ ಕಲ್ಲನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಳ್ಳಬೇಡಿ. ಕೈ ತೊಳೆದ ಸಾಬೂನಿನ ನೀರು, ತಿಂಡಿಯ ಪೊಟ್ಟಣ ಏನೂ ಕೆಳಗೆ ಹೋಗದಿರಲಿ. ಹೊರಹೋಗಲು ದಾರಿಯಿಲ್ಲದ ನೀರಿನಲ್ಲಿ ಉಪ್ಪು ಹೇಗೆ ಉಳಿಯಿತೋ ನಮ್ಮ ಕೊಳೆಯೂ ಹಾಗೆಯೇ ಉಳಿಯುತ್ತದೆ. ಪ್ರತಿ ಬಸ್ಸಿನಿಂದ ಐವತ್ತು ಜನ ಒಂದೊಂದು ಕಲ್ಲು ಎತ್ತಿಕೊಂಡು ಹೋದರೆ, ಮುಂದಿನ ಬ್ಯಾಚಿನವರು ಅದೇ ಪ್ರಶ್ನೆ ಹೊತ್ತು ಬಂದಾಗ ನೋಡಲು ಸಾಕ್ಷಿ ಎಲ್ಲಿರುತ್ತದೆ?