ಹಲಗೆಯೊಳಗಿನ ಪಾಷಾಣ

ನ್ಯೂಜೆರ್ಸಿಯ ಮಗಳ ಮನೆಯ ಹಿತ್ತಿಲಲ್ಲಿ 1998ರಲ್ಲಿ ಕಟ್ಟಿದ ಡೆಕ್ಕನ್ನು, ಅಂದರೆ ಮರದ ಜಗಲಿಯನ್ನು, ಬಿಚ್ಚುತ್ತಿದ್ದರು. ಮಾಸ್ಕ್ ಕಟ್ಟಿಕೊಂಡ ಬಡಗಿ ಬೂದು ತಿರುಗಿದ ಹಲಗೆಯೊಂದನ್ನು ಅಡ್ಡ ಕೊಯ್ದು ತುದಿ ತೋರಿಸಿದ. ಅಂಚಿನ ಸುತ್ತ ಅರ್ಧ ಅಂಗುಲ ತಿಳಿ ಹಸಿರು, ನಡುವೆ ಪೈನ್ ಮರದ ಹಳದಿ. ಇಷ್ಟು ವರ್ಷ ಹಿಮ, ಮಳೆ ಕುಡಿದರೂ ಗೆದ್ದಲು ಮುಟ್ಟಿರಲಿಲ್ಲ. ಈ ಹಲಗೆಗಳಿಂದ ಮೆಂತ್ಯ, ಕೊತ್ತಂಬರಿಗೆ ಮಡಿ ಮಾಡಿಸಬೇಕೆಂದು ಮಗಳ ಆಸೆ. ಬಡಗಿ ಬೇಡವೇ ಬೇಡ ಎಂದ.

ಆ ಹಸಿರು, ಮರ ಕೆಡದಂತೆ ಕಾಯುವ ಸಿಸಿಎ ಎಂಬ ದ್ರಾವಣದ್ದು. ಅದರಲ್ಲಿರುವುದು ತಾಮ್ರ, ಕ್ರೋಮಿಯಂ, ಆರ್ಸೆನಿಕ್. ಅಮೆರಿಕದ ಲಕ್ಷಾಂತರ ಹಿತ್ತಿಲುಗಳಿಗೆ ಹಬ್ಬಿದ ಇದನ್ನು 1933ರಲ್ಲಿ ರೂಪಿಸಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೊಂಟಿ ಕಾಮೇಶಂ! ತಾಮ್ರಕ್ಕೆ ಶಿಲೀಂಧ್ರ ಹೆದರುತ್ತದೆ ಎಂಬುದು ಮೈಲುತುತ್ತ ಸಿಂಪಡಿಸುವ ನಮ್ಮ ಅಡಿಕೆ ಬೆಳೆಗಾರರಿಗೆ ಹೊಸದಲ್ಲ. ಗೆದ್ದಲಿಗೂ ತಾಮ್ರಕ್ಕೆ ಜಗ್ಗದ ಶಿಲೀಂಧ್ರಗಳಿಗೂ ಆರ್ಸೆನಿಕ್ ಮದ್ದು. ಆದರೆ ಎರಡೂ ಮಳೆಗೆ ತೊಳೆದುಹೋಗುತ್ತವಲ್ಲ? ಅದಕ್ಕೇ ಕ್ರೋಮಿಯಂ. ಅದು ಮರದೊಂದಿಗೆ ಬೆರೆತು ಮಿಕ್ಕೆರಡನ್ನೂ ಅಲ್ಲೇ ಕಟ್ಟಿಹಾಕುತ್ತದೆ. ಮರವನ್ನು ಉಕ್ಕಿನ ಸಿಲಿಂಡರಿನಲ್ಲಿಟ್ಟು, ಗಾಳಿ ಹೀರಿ ತೆಗೆದು, ಒತ್ತಡದಿಂದ ದ್ರಾವಣ ನುಗ್ಗಿಸುತ್ತಾರೆ. ಬೇಗ ಕೊಳೆಯುವ ಅಗ್ಗದ ಮರ ದಶಕಗಟ್ಟಲೆ ಬಾಳುವಂತಾದದ್ದು ಹೀಗೆ. ಎಷ್ಟೋ ಕಾಡು ಇದರಿಂದ ಕೊಡಲಿಗೆ ತಪ್ಪಿಸಿಕೊಂಡಿರಬೇಕು. ಕಾಮೇಶಂ ಅವರ ಹೆಸರು ನಮ್ಮ ಶಾಲಾ ಪುಸ್ತಕಗಳಲ್ಲಿ ಇರಬೇಕಿತ್ತು ಎಂದೇ ನನಗನಿಸುತ್ತದೆ.

ಆದರೂ ಮಕ್ಕಳು ಅಂಬೆಗಾಲಿಡುವ ಜಾಗದಲ್ಲಿ ಪಾಷಾಣ ಇರಕೂಡದು. ಕಟ್ಟಿಹಾಕಿದ್ದೂ ಚೂರುಚೂರೇ ಜಾರುತ್ತದೆ. ಮಳೆನೀರಿನೊಂದಿಗೆ ಕೆಳಗಿನ ಮಣ್ಣಿಗೆ, ಅಂಗೈಗೆ, ಅಲ್ಲಿಂದ ಮಗುವಿನ ಬಾಯಿಗೆ. ಹಾಗಾಗಿಯೇ ಅಮೆರಿಕದ ತಯಾರಕರು 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಇದನ್ನು ಬಹುಮಟ್ಟಿಗೆ ನಿಲ್ಲಿಸಿದರು. ವಿದ್ಯುತ್ ಕಂಬಗಳಿಗೆ ಉಳಿಸಿಕೊಂಡರು. ಈಗ ಡೆಕ್ಕಿಗೆ ಬರುವ ಎಸಿಕ್ಯೂ, ಕಾಪರ್ ಅಜೋಲ್ ಎಂಬ ದ್ರಾವಣ ಕುಡಿಸಿದ ಮರಗಳಲ್ಲಿ ಆರ್ಸೆನಿಕ್ ಇಲ್ಲ, ತಾಮ್ರ ಹೆಚ್ಚು. ಆ ತಾಮ್ರ ಸಾದಾ ಮೊಳೆಯನ್ನು ತಿಂದುಹಾಕುವುದರಿಂದ ದಪ್ಪ ಸತುವಿನ ಲೇಪದ ಅಥವಾ ಸ್ಟೇನ್‌ಲೆಸ್ ಸ್ಕ್ರೂಗಳೇ ಬೇಕು.

ಹಳೆಯ ಹಸಿರು ಹಲಗೆಯನ್ನು ಕೊಯ್ಯುವಾಗ, ಉಜ್ಜುವಾಗ ಏಳುವ ಹುಡಿಯನ್ನು ಉಸಿರಿಗೆ ಎಳೆದುಕೊಳ್ಳಬಾರದು. ಬೆಂಕಿಗಂತೂ ಹಾಕಲೇಬಾರದು. ಆರ್ಸೆನಿಕ್ ಒಂದಷ್ಟು ಹೊಗೆಯಲ್ಲಿ ಹೋಗಿ, ಉಳಿದದ್ದು ಬೂದಿಯಲ್ಲಿ ನಿಲ್ಲುತ್ತದೆ. ಮುರಿದ ಮರವೆಲ್ಲ ಬಚ್ಚಲೊಲೆಗೆ, ಬೂದಿ ಗಿಡದ ಬುಡಕ್ಕೆ ಎಂಬ ನಮ್ಮ ರೂಢಿಯನ್ನು ನೆನೆದರೇ ಭಯವಾಗುತ್ತದೆ. ಗಟ್ಟಿಯಾಗಿರುವ ಹಳೇ ಡೆಕ್ಕನ್ನು ಕೀಳಿಸಲೇಬೇಕೆಂದಿಲ್ಲ. ಮರದೊಳಕ್ಕೆ ಇಳಿಯುವ ಸ್ಟೇನನ್ನು ವರ್ಷಕ್ಕೊಮ್ಮೆಯಾದರೂ ಬಳಿದರೆ ಆರ್ಸೆನಿಕ್ ಕೈಗಂಟುವುದು ಕಡಿಮೆಯಾಗುತ್ತದೆ. ಅಲ್ಲಿ ಆಡಿ ಬಂದ ಮಕ್ಕಳಿಗೆ ಊಟಕ್ಕೆ ಮುಂಚೆ ಸೋಪು ಹಚ್ಚಿ ಕೈ ತೊಳೆಸಬೇಕು.