ಖಾಸಬಾಗದ ಕುಸ್ತಿ ಮೈದಾನ

ಘಟಪ್ರಭೆಯ ದಡದ ಕಲಾದಗಿಯ ಸುತ್ತಣ ಊರುಗಳಲ್ಲಿ ಜಾತ್ರೆಯೆಂದರೆ ತೇರು, ನಾಟಕಗಳ ಜೊತೆಗೆ ಕುಸ್ತಿಯೂ ಇರಬೇಕು. ಹೊಲವೊಂದನ್ನು ಹದಗೊಳಿಸಿ ಕಣ ಮಾಡುತ್ತಾರೆ. ಹಲಗೆಯ ನಾದ ಕೇಳಿದೊಡನೆ ಜನರು ಸುತ್ತುವರಿಯುತ್ತಾರೆ. ಆದರೆ ಸಮತಟ್ಟಾದ ನೆಲದಲ್ಲಿ ಒಂದು ತೊಡಕುಂಟು. ಮುಂದೆ ಕುಳಿತವರಿಗೆ ಕಾಣುವ ಪಟ್ಟು ಹಿಂದೆ ನಿಂತವರಿಗೆ ಕಾಣದು. ಹಿಂದಿನವರು ಮರವನ್ನೇರಬೇಕು, ಇಲ್ಲವೆ ಬಂಡಿಯ ಮೇಲೆ ನಿಲ್ಲಬೇಕು.

ಈ ತೊಡಕನ್ನು ನೀಗಿಸಿದ ಮೈದಾನವೊಂದು ಕೊಲ್ಲಾಪುರದಲ್ಲಿದೆ. ಅದೇ ಖಾಸಬಾಗ. ಮುಧೋಳ, ಚಿಕ್ಕೋಡಿ, ನಿಪ್ಪಾಣಿಗಳನ್ನು ದಾಟಿ ಹೋದರೆ ಈ ನಗರ ಸಿಗುತ್ತದೆ. ಗಡಿಯ ಆಚೆಗಿದ್ದರೂ ಉತ್ತರ ಕರ್ನಾಟಕದ ಪೈಲವಾನರಿಗೆ ಇದು ಪರಸ್ಥಳವಲ್ಲ.

ಕೊಲ್ಲಾಪುರ ಸಂಸ್ಥಾನವನ್ನು ಆಳಿದ ಶಾಹು ಮಹಾರಾಜರು ಸ್ವತಃ ಮಲ್ಲವಿದ್ಯೆಯಲ್ಲಿ ಪಳಗಿದವರು. 1902ರಲ್ಲಿ ಯೂರೋಪಿಗೆ ಹೋದಾಗ ಅವರು ರೋಮ್ ನಗರದ ಪುರಾತನ ವರ್ತುಲ ರಂಗವನ್ನು ಕಂಡರು. ತಮ್ಮ ಪ್ರಜೆಗಳಿಗೂ ಅಂಥದೊಂದು ಕ್ರೀಡಾಂಗಣ ಬೇಕೆಂಬ ಹಂಬಲ ಅವರಲ್ಲಿ ಮೂಡಿತು. 1912ರಲ್ಲಿ ಅದು ಕೈಗೂಡಿತು.

ಖಾಸಬಾಗದ ರಚನೆ ಸರಳವಾದುದು, ಆದರೆ ಜಾಣ್ಮೆಯಿಂದ ಕೂಡಿದುದು. ನಡುವೆ ತಗ್ಗಿನಲ್ಲಿ ಕಣ. ಅದರ ಸುತ್ತಲೂ ಬಟ್ಟಲಿನ ಅಂಚಿನಂತೆ ಮೇಲೇರುವ ಪ್ರೇಕ್ಷಕರ ನೆಲೆ. ದೃಷ್ಟಿಗೆ ಅಡ್ಡ ಬರುವ ಕಂಬಗಳಿಲ್ಲ. ಆದುದರಿಂದ ಸಾವಿರಾರು ಜನರು ಕೂಡಿದರೂ ಕಟ್ಟಕಡೆಯ ಸಾಲಿನಲ್ಲಿ ಕುಳಿತ ರೈತನಿಗೂ ಜಟ್ಟಿಗಳ ಪ್ರತಿಯೊಂದು ಚಲನೆ ಕಾಣುತ್ತದೆ.

ನೋಡುವವರಲ್ಲಿ ಇಂಥ ಸಮಾನತೆಯಾದರೆ, ಆಡುವವರಲ್ಲಿ ಅದಕ್ಕಿಂತ ಮಿಗಿಲಾದ ಸಮಾನತೆ. ಕಣದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆಯ ರಸಗಳನ್ನು ಬೆರೆಸಿ ಮೃದುಗೊಳಿಸುತ್ತಾರೆ. ಆ ಮಣ್ಣನ್ನು ಮೈಗೆ ಬಳಿದುಕೊಂಡ ಮೇಲೆ ಬಡವ ಬಲ್ಲಿದ, ಮೇಲು ಕೀಳು ಎಂಬ ಭೇದ ಉಳಿಯುವುದೆಲ್ಲಿ? ಎದುರಾಳಿಯ ಬೆನ್ನನ್ನು ನೆಲಕ್ಕೆ ತಾಗಿಸಿದವನೇ ಗೆದ್ದವನು. 1902ರಲ್ಲಿಯೇ ತಮ್ಮ ಸಂಸ್ಥಾನದ ನೌಕರಿಗಳಲ್ಲಿ ಅರ್ಧದಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟ ಅರಸರಿಗೆ ಈ ಆಟ ಪ್ರಿಯವಾದುದು ಸಹಜವೇ ಸರಿ.

ಇಂಥ ಆಶ್ರಯದಿಂದ ಕೊಲ್ಲಾಪುರದ ಗರಡಿಗಳು ಹೆಸರಾದವು. ಬೆಳಗಾವಿ ಜಿಲ್ಲೆಯ ಯಕ್ಸಂಬಾದಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆ ಇಲ್ಲಿ ಪಳಗಿ, 1959ರಲ್ಲಿ ಮೊದಲ 'ಹಿಂದ್ ಕೇಸರಿ' ಎನಿಸಿದರು. ಇಲ್ಲಿಯ ರಾಜಾರಾಮ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಖಾಶಾಬಾ ಜಾಧವರು 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚಿನ ಪದಕ ಪಡೆದರು. ವೈಯಕ್ತಿಕ ಸ್ಪರ್ಧೆಯಲ್ಲಿ ಸ್ವತಂತ್ರ ಭಾರತಕ್ಕೆ ದೊರೆತ ಮೊದಲ ಪದಕವದು. ಅವರ ಪ್ರಯಾಣದ ವೆಚ್ಚಕ್ಕಾಗಿ ಕಾಲೇಜಿನ ಪ್ರಾಚಾರ್ಯರಾಗಿದ್ದ ಖರ್ಡೀಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟರು.

ಕುಸ್ತಿ ನೋಡಲು ಬಂದವರು ನಗರವನ್ನು ನೋಡದೆ ಮರಳುವುದಿಲ್ಲ. ಮಹಾಲಕ್ಷ್ಮಿಯ ಪ್ರಾಚೀನ ದೇಗುಲ, ರಂಕಾಳ ಕೆರೆ, ಪಂಚಗಂಗೆಯ ಘಟ್ಟ, ಇವು ಯಾತ್ರಿಕರನ್ನು ಸೆಳೆಯುತ್ತವೆ. ಪೇಟೆಯಲ್ಲಿ ಕೊಲ್ಲಾಪುರಿ ಚಪ್ಪಲಿಯನ್ನು ಕೊಳ್ಳುವ ಬಾಗಲಕೋಟೆಯವರು ಹೆಮ್ಮೆಪಡಬೇಕಾದ ಸಂಗತಿಯೊಂದುಂಟು. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿ, ಧಾರವಾಡ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳೂ ಅದರಲ್ಲಿ ಪಾಲು ಪಡೆದವು. ಆಳ್ವಿಕೆಯ ಗಡಿ ಬೇರೆ, ಕಸುಬಿನ ಗಡಿ ಬೇರೆ.

ಆದರೆ ಹಿರಿಯರು ಕಟ್ಟಿದುದು ತಾನಾಗಿ ಉಳಿಯುವುದಿಲ್ಲ. ಖಾಸಬಾಗಕ್ಕೆ ಹೊಂದಿಕೊಂಡಿದ್ದ, ಶಾಹು ಮಹಾರಾಜರ ಕಾಲದ್ದೇ ಆದ ಕೇಶವರಾವ್ ಭೋಸಲೆ ನಾಟ್ಯಗೃಹವು 2024ರ ಆಗಸ್ಟ್ ತಿಂಗಳಲ್ಲಿ ಬೆಂಕಿಗೆ ಆಹುತಿಯಾಯಿತು. ನೂರು ವರ್ಷ ಬಾಳಿದ ರಂಗಮಂದಿರ ಒಂದೇ ರಾತ್ರಿಯಲ್ಲಿ ಬೂದಿಯಾಯಿತು. ಮಣ್ಣಿನ ಕುಸ್ತಿಗೆ ಬೆಂಕಿಯ ಭಯವಿಲ್ಲ, ಮರೆವಿನ ಭಯವುಂಟು. ಒಲಿಂಪಿಕ್ಸಿನ ಕುಸ್ತಿ ಮೆತ್ತನೆಯ ಚಾಪೆಯ ಮೇಲೆ, ನಿಮಿಷಗಳ ಲೆಕ್ಕದಲ್ಲಿ ನಡೆಯುತ್ತದೆ. ಪದಕ ಬಯಸುವ ತರುಣರು ಚಾಪೆಯ ಕಡೆಗೆ ತಿರುಗುವುದು ತಪ್ಪಲ್ಲ. ಮಣ್ಣಿನಲ್ಲಿ ಬೆಳೆದ ಜಾಧವರೂ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆರನೆಯ ಸ್ಥಾನಕ್ಕೆ ತೃಪ್ತರಾಗದೆ, ಚಾಪೆಯ ಪಟ್ಟುಗಳನ್ನು ಕಲಿತೇ ಮುಂದೆ ಗೆದ್ದರು. ಆದರೆ ಅವರಿಗೆ ಕಸುವನ್ನು ಕೊಟ್ಟುದು ಗರಡಿಯ ಮಣ್ಣು.

ಮೈದಾನವನ್ನು ಉಳಿಸುವುದು ಕಲ್ಲುಗೋಡೆಗಳಲ್ಲ. ಅಲ್ಲಿ ಸೆಣಸುವವರು ಮತ್ತು ಅದನ್ನು ನೋಡಲು ದೂರದಿಂದ ಬರುವವರು. ಗೆದ್ದವನಿಗೆ ಚಪ್ಪಾಳೆ ತಟ್ಟಿ, ಸೋತವನ ಬೆನ್ನಿನ ಮಣ್ಣನ್ನು ಒರೆಸುವ ಪ್ರೇಕ್ಷಕರಿರುವವರೆಗೆ ಖಾಸಬಾಗದ ಕೆಮ್ಮಣ್ಣು ಒಣಗದು.