ರಸ್ತೆಗಾಗಿ ಭೂಸ್ವಾಧೀನ ಮತ್ತು ಭೂಮಾಲೀಕರ ಪರಿಹಾರದ ಹಕ್ಕು: ಶಿವಮೊಗ್ಗ–ಭದ್ರಾವತಿ ಪರಿಸರದ ಹಿನ್ನೆಲೆಯಲ್ಲಿ ಒಂದು ಅವಲೋಕನ

ತುಂಗೆಯ ದಡದ ಶಿವಮೊಗ್ಗ ಮತ್ತು ಭದ್ರೆಯ ದಡದ ಭದ್ರಾವತಿ ಸುಮಾರು 20 ಕಿ.ಮೀ. ಅಂತರದ ಎರಡು ನಗರಗಳು. ಇವೆರಡನ್ನೂ ಹಾದುಹೋಗುವ ಬೆಂಗಳೂರು–ಹೊನ್ನಾವರ ರಸ್ತೆಯು ಜನರ ಬಾಯಲ್ಲಿ ಬಿ.ಎಚ್. ರಸ್ತೆಯೆಂದೇ ರೂಢವಾಗಿದೆ. 206ನೆಯ ರಾಷ್ಟ್ರೀಯ ಹೆದ್ದಾರಿಯೆಂದು ಬಹುಕಾಲ ಪರಿಚಿತವಾಗಿದ್ದ ಈ ಮಾರ್ಗದ ತುಮಕೂರು–ಶಿವಮೊಗ್ಗ ಭಾಗವನ್ನು ಚತುಷ್ಪಥವನ್ನಾಗಿಸುವ ಕಾರ್ಯವನ್ನು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವು ಕೈಗೊಂಡಿತು. ಇಂತಹ ರಸ್ತೆಯ ಅಂಚಿನಲ್ಲಿ ಕಾಲುವೆ ನೀರಿನ ಗದ್ದೆ, ಅಡಿಕೆ–ತೆಂಗಿನ ಬಾಗಾಯ್ತು, ಪೇಟೆಯ ಅಂಗಡಿ ಸಾಲು, ಎಲ್ಲವೂ ಇವೆ. ಒಂದೇ ರಸ್ತೆಗೆ ಹೋದ ಭೂಮಿಗೆ ಒಂದೇ ಬಗೆಯ ಪರಿಹಾರ ದೊರೆಯುತ್ತದೆಂಬುದು ಸಾಮಾನ್ಯ ಗ್ರಹಿಕೆ. ವಾಸ್ತವದಲ್ಲಿ ಭೂಮಿಯನ್ನು ಯಾವ ಕಾಯಿದೆಯಡಿ ಪಡೆಯಲಾಯಿತು, ಯಾವ ದಿನಾಂಕದಂದು ಪಡೆಯಲಾಯಿತು, ದಾಖಲೆಯಲ್ಲಿ ಯಾರ ಹೆಸರಿತ್ತು ಎಂಬ ಮೂರು ಸಂಗತಿಗಳು ಪರಿಹಾರವನ್ನು ನಿರ್ಧರಿಸುತ್ತವೆ.

ಸಾಂವಿಧಾನಿಕ ನೆಲೆ

ಆಸ್ತಿಯ ಹಕ್ಕು 1978ರ 44ನೆಯ ತಿದ್ದುಪಡಿಯ ಫಲವಾಗಿ ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಂದಿತು. ಆದರೂ 300-ಎ ವಿಧಿಯ ಪ್ರಕಾರ ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿದುಕೊಳ್ಳುವಂತಿಲ್ಲ. ಹಿಮಾಚಲ ಪ್ರದೇಶದಲ್ಲಿ 1967–68ರಲ್ಲಿ ಸ್ವಾಧೀನ ಪ್ರಕ್ರಿಯೆಯನ್ನೇ ನಡೆಸದೆ ರಸ್ತೆಗೆ ಭೂಮಿಯನ್ನು ಬಳಸಿಕೊಂಡ ವಿದ್ಯಾದೇವಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಪರಿಹಾರ ನೀಡುವಂತೆ ಆದೇಶಿಸಿತು. ಭೂಮಾಲೀಕರು ಬಾಯಿಮಾತಿನಲ್ಲಿ ಒಪ್ಪಿದ್ದರೆಂಬ ಸರ್ಕಾರದ ವಾದವನ್ನಾಗಲಿ, ದೂರು ತಡವಾಯಿತೆಂಬ ಆಕ್ಷೇಪವನ್ನಾಗಲಿ ಅದು ಮನ್ನಿಸಲಿಲ್ಲ.

ಕಾಯಿದೆಗಳ ಭೇದ, ಪರಿಹಾರದ ಭೇದ

1894ರ ಭೂಸ್ವಾಧೀನ ಕಾಯಿದೆಯು 1984ರ ತಿದ್ದುಪಡಿಯ ನಂತರ ಮಾರುಕಟ್ಟೆ ಬೆಲೆಯ ಮೇಲೆ ಶೇ. 30ರಷ್ಟು ಸಾಂತ್ವನ ಧನವನ್ನೂ, ವಾರ್ಷಿಕ ಶೇ. 12ರ ಹೆಚ್ಚುವರಿ ಮೊತ್ತವನ್ನೂ ನೀಡುತ್ತಿತ್ತು. ಇಚ್ಛೆಗೆ ವಿರುದ್ಧವಾಗಿ ಭೂಮಿಯನ್ನು ಕಳೆದುಕೊಂಡವನಿಗೆ ಕೊಡುವ ಮೊತ್ತವೇ ಸಾಂತ್ವನ ಧನ. ಕಚೇರಿಗಳಲ್ಲಿ ಇದಕ್ಕೆ ಸೊಲೇಷಿಯಂ ಎಂಬ ಹೆಸರಿದೆ. ರಾಷ್ಟ್ರೀಯ ಹೆದ್ದಾರಿಗಳ ಕಾಯಿದೆಗೆ 1997ರಲ್ಲಿ ಸೇರಿದ 3-ಜೆ ಕಲಮು 1894ರ ಕಾಯಿದೆಯ ಅನ್ವಯವನ್ನು ತಡೆಯಿತು. ಇದರಿಂದಾಗಿ ರಾಜ್ಯ ಹೆದ್ದಾರಿಗೆ ಭೂಮಿ ಕಳೆದುಕೊಂಡ ರೈತನಿಗೆ ಸಲ್ಲುತ್ತಿದ್ದ ಸಾಂತ್ವನ ಧನವು ರಾಷ್ಟ್ರೀಯ ಹೆದ್ದಾರಿಗೆ ಭೂಮಿ ಕಳೆದುಕೊಂಡ ನೆರೆಯ ರೈತನಿಗೆ ಸಲ್ಲದೆ ಹೋಯಿತು.

ಒಂದೇ ಬಗೆಯ ಭೂಮಿಯನ್ನು ಬೇರೆ ಬೇರೆ ಕಾಯಿದೆಯಡಿ ಪಡೆದು ಬೇರೆ ಬೇರೆ ಪರಿಹಾರ ನೀಡುವುದು ಸಮಾನತೆಗೆ ವಿರುದ್ಧವೆಂಬ ತತ್ತ್ವ ನಾಗಪುರ ಸುಧಾರಣಾ ಮಂಡಳಿಯ ಪ್ರಕರಣದಲ್ಲಿ (1973ರ ವರದಿ) ಮೊದಲೇ ಸ್ಥಾಪಿತವಾಗಿತ್ತು. ಸರ್ವೋಚ್ಚ ನ್ಯಾಯಾಲಯವು 2019ರ ಸೆಪ್ಟೆಂಬರ್ 19ರ ತರ್ಸೇಮ್ ಸಿಂಗ್ ತೀರ್ಪಿನಲ್ಲಿ ಈ ತತ್ತ್ವವನ್ನು ಹೆದ್ದಾರಿಗಳಿಗೆ ಅನ್ವಯಿಸಿ, ಸಾಂತ್ವನ ಧನ ಮತ್ತು ಬಡ್ಡಿಯನ್ನು ನಿರಾಕರಿಸುವ ಮಟ್ಟಿಗೆ 3-ಜೆ ಕಲಮನ್ನು ಅಸಾಂವಿಧಾನಿಕವೆಂದು ಸಾರಿತು. ಈ ತೀರ್ಪು ಮುಂದಿನ ಪ್ರಕರಣಗಳಿಗೆ ಮಾತ್ರ ಅನ್ವಯವಾಗಬೇಕೆಂಬ ಪ್ರಾಧಿಕಾರದ ಕೋರಿಕೆಯನ್ನು 2025ರ ಫೆಬ್ರವರಿ 4ರಂದು ತಳ್ಳಿಹಾಕಿತು.

2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಭೂಸ್ವಾಧೀನ ಕಾಯಿದೆಯು ಸಾಂತ್ವನ ಧನವನ್ನು ಶೇ. 100ಕ್ಕೆ ಏರಿಸಿತಲ್ಲದೆ, ಗ್ರಾಮೀಣ ಭೂಮಿಯ ಬೆಲೆಯನ್ನು ನಗರದಿಂದ ಇರುವ ದೂರಕ್ಕೆ ತಕ್ಕಂತೆ 1ರಿಂದ 2ರವರೆಗಿನ ಗುಣಕದಿಂದ ಹೆಚ್ಚಿಸಲು ಅವಕಾಶವಿತ್ತಿತು. 2015ರ ಜನವರಿ 1ರಿಂದ ಈ ಲೆಕ್ಕಾಚಾರ ರಾಷ್ಟ್ರೀಯ ಹೆದ್ದಾರಿಗಳಿಗೂ ಅನ್ವಯವಾಯಿತು. ಮಾರುಕಟ್ಟೆ ಬೆಲೆ 10 ಲಕ್ಷ ರೂ. ಇರುವ ಭೂಮಿಯನ್ನು ಉದಾಹರಣೆಯಾಗಿ ಭಾವಿಸೋಣ. 3-ಜೆ ಕಲಮಿನ ಅಕ್ಷರಾರ್ಥದಂತೆ ಅದಕ್ಕೆ 10 ಲಕ್ಷ, ಶೇ. 30ರ ಸಾಂತ್ವನ ಧನ ಸೇರಿದರೆ 13 ಲಕ್ಷ. 2013ರ ಕಾಯಿದೆಯಂತೆ ಗುಣಕ 1 ಆದರೆ 20 ಲಕ್ಷ, ಗುಣಕ 2 ಆದರೆ 40 ಲಕ್ಷ. ಮರ, ಕಟ್ಟಡ, ಬಡ್ಡಿಗಳ ಲೆಕ್ಕ ಇದರಿಂದ ಪ್ರತ್ಯೇಕ.

ಅಸಮಾಧಾನಗೊಂಡವರು ಹೋಗಬೇಕಾದ ದಾರಿಯೂ ಭಿನ್ನ. 2013ರ ಕಾಯಿದೆಯ ಐತೀರ್ಪನ್ನು ಒಪ್ಪದವರು, ಐತೀರ್ಪಿನ ವೇಳೆ ಹಾಜರಿದ್ದರೆ ಆರು ವಾರಗಳೊಳಗೆ, 64ನೆಯ ಕಲಮಿನಡಿ ಅರ್ಜಿ ಸಲ್ಲಿಸಬೇಕು. ಹೆದ್ದಾರಿ ಕಾಯಿದೆಯಲ್ಲಾದರೋ ಉದ್ದೇಶದ ಅಧಿಸೂಚನೆಗೆ 21 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಮೊತ್ತದ ವಿವಾದವು ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ ಹೋಗುತ್ತದೆ.

ಬೆಲೆ ಮತ್ತು ದಾಖಲೆ

2013ರ ಕಾಯಿದೆಯ 26ನೆಯ ಕಲಮು ನೋಂದಣಿಯ ಮಾರ್ಗಸೂಚಿ ಬೆಲೆ ಮತ್ತು ಹಿಂದಿನ ಮೂರು ವರ್ಷಗಳ ಕ್ರಯಪತ್ರಗಳ ಪೈಕಿ ಹೆಚ್ಚಿನ ಬೆಲೆಯ ಅರ್ಧಭಾಗದ ಸರಾಸರಿ ಮುಂತಾದವುಗಳಲ್ಲಿ ಯಾವುದು ಅಧಿಕವೋ ಅದನ್ನು ಆಧಾರವಾಗಿ ಹಿಡಿಯುತ್ತದೆ. ಮುದ್ರಾಂಕ ಶುಲ್ಕ ಉಳಿಸಲು ಪತ್ರದಲ್ಲಿ ಬೆಲೆಯನ್ನು ತಗ್ಗಿಸಿ ಬರೆಯುವ ರೂಢಿ ಇಲ್ಲಿ ಇಡೀ ಊರಿನ ಪರಿಹಾರವನ್ನು ಕುಗ್ಗಿಸುತ್ತದೆ.

ನೋಟೀಸು ಸಾಮಾನ್ಯವಾಗಿ ಪಹಣಿಯಲ್ಲಿರುವ ಹೆಸರಿಗೆ ಹೋಗುತ್ತದೆ. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಯಾಗದಿದ್ದರೆ, ಹಿಸ್ಸೆಯಾದ ಭೂಮಿಗೆ ಪೋಡಿಯಾಗದಿದ್ದರೆ ಹಣ ಠೇವಣಿಯಲ್ಲಿ ಉಳಿದು ದಾಯಾದಿಗಳ ನಡುವೆ ವ್ಯಾಜ್ಯ ಹುಟ್ಟುತ್ತದೆ. ಬಗರ್‌ಹುಕುಂ ಸಾಗುವಳಿದಾರರ ಸ್ಥಿತಿ ಇನ್ನೂ ಸೂಕ್ಷ್ಮ. ಶರಾವತಿ ಮುಳುಗಡೆಯಿಂದ ಬಂದು ನೆಲೆಸಿದ ಕುಟುಂಬಗಳ ಹಕ್ಕುಪತ್ರದ ಸಮಸ್ಯೆ ದಶಕಗಳಿಂದ ಬಗೆಹರಿಯದೆ ಉಳಿದ ಈ ಜಿಲ್ಲೆಯಲ್ಲಿ, ದಾಖಲೆಯಿಲ್ಲದ ಅನುಭೋಗದಾರನಿಗೆ ರಸ್ತೆ ಬರುವುದೆಂದರೆ ಎರಡನೆಯ ಸ್ಥಳಾಂತರವಾಗಬಹುದು. ಗೇಣಿದಾರ, ಕೃಷಿ ಕೂಲಿಕಾರ ಮುಂತಾದವರನ್ನು 2013ರ ಕಾಯಿದೆ 'ಬಾಧಿತ ಕುಟುಂಬ'ವೆಂದು ಗುರುತಿಸುತ್ತದೆಯಾದರೂ, ಮೂರು ವರ್ಷಗಳ ಜೀವನಾಧಾರವನ್ನು ಅವರು ರುಜುವಾತುಪಡಿಸಬೇಕಾಗುತ್ತದೆ.

ನಗರದೊಳಗಿನ ವಿಸ್ತರಣೆ

ಪೇಟೆಯ ರಸ್ತೆ ಅಗಲೀಕರಣದಲ್ಲಿ ಪ್ರಶ್ನೆಯ ಸ್ವರೂಪ ಬದಲಾಗುತ್ತದೆ. ಮಹಾಯೋಜನೆಯ ನಕ್ಷೆಯಲ್ಲಿ ರಸ್ತೆಯ ಗೆರೆ ಎಳೆದ ಮಾತ್ರಕ್ಕೆ ಸ್ವತ್ತಿನ ಒಡೆತನ ವರ್ಗಾವಣೆಯಾಗುವುದಿಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಗೆ ಬಳಿಕ ಸೇರಿದ 14-ಬಿ ಕಲಮು, ಜಾಗವನ್ನು ಬಿಟ್ಟುಕೊಟ್ಟವರಿಗೆ ನಗದಿನ ಬದಲು ಅಭಿವೃದ್ಧಿ ಹಕ್ಕನ್ನು ನೀಡಲು ಅವಕಾಶ ಕಲ್ಪಿಸುತ್ತದೆ. ಎತ್ತರದ ಕಟ್ಟಡಕ್ಕೆ ಬೇಡಿಕೆಯಿರುವಲ್ಲಿ ಇದಕ್ಕೆ ಬೆಲೆಯುಂಟು. ಹತ್ತಡಿ ಆಳದ ಅಂಗಡಿಯಲ್ಲಿ ಆರಡಿ ಹೋದರೆ ಉಳಿದ ನಾಲ್ಕಡಿಯ ಮೇಲೆ ಹೆಚ್ಚುವರಿ ಮಹಡಿ ಕಟ್ಟುವ ಹಕ್ಕು ವ್ಯಾಪಾರಿಗೆ ಅಷ್ಟಾಗಿ ಉಪಯೋಗಕ್ಕೆ ಬಾರದು. ಬಾಡಿಗೆದಾರನಿಗಂತೂ ಅದು ಸಲ್ಲುವುದೇ ಇಲ್ಲ.

ಸಮಾರೋಪ

ವಿಳಂಬವೂ ಪರಿಹಾರವನ್ನು ಕರಗಿಸುವ ಒಂದು ಬಗೆ. ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರಿಗಾಗಿ 2003ರಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಟ ನಿವೇಶನಗಳಿಗೆ ಎರಡು ದಶಕ ಕಳೆದರೂ ಹಣ ಸಂದಿರಲಿಲ್ಲ. 2025ರ ಜನವರಿ 2ರಂದು ಸರ್ವೋಚ್ಚ ನ್ಯಾಯಾಲಯವು ಅವುಗಳ ಬೆಲೆಯನ್ನು 2019ರ ಏಪ್ರಿಲ್ 22ರ ದರದಂತೆ ನಿಗದಿಪಡಿಸಲು ಆದೇಶಿಸಿತು. ಅದಕ್ಕೂ ಮುನ್ನ, ಕೋಲ್ಕತ್ತ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ (2024) ನೋಟೀಸು, ಅಹವಾಲು, ಸಕಾರಣ ಆದೇಶ, ಸಾರ್ವಜನಿಕ ಉದ್ದೇಶ, ನ್ಯಾಯೋಚಿತ ಪರಿಹಾರ, ತ್ವರಿತ ಪ್ರಕ್ರಿಯೆ, ಅದರ ಸಮಾಪ್ತಿ ಎಂಬ ಏಳೂ 300-ಎ ವಿಧಿಯ ಅಂಗಗಳೆಂದು ಅದೇ ನ್ಯಾಯಾಲಯ ವಿವರಿಸಿತ್ತು. ಹಣ ಪಡೆಯುವುದು ಈ ಏಳರಲ್ಲಿ ಒಂದು ಮಾತ್ರ. ನೋಟೀಸು ತಲುಪುವ ಮೊದಲೇ ಪೌತಿ ಖಾತೆ ಮತ್ತು ಪೋಡಿಗಳನ್ನು ಮುಗಿಸಿಕೊಂಡ ಕುಟುಂಬ ಉಳಿದ ಆರನ್ನೂ ಕೇಳುವ ಸ್ಥಿತಿಯಲ್ಲಿರುತ್ತದೆ. ರಸ್ತೆ ಯೋಜನೆಯ ಅಳತೆ ಆರಂಭವಾಗುವ ಹೊತ್ತಿಗೆ ಆಯಾ ಗ್ರಾಮದ ಕಂದಾಯ ದಾಖಲೆಗಳನ್ನು ಸರಿಪಡಿಸುವ ಹೊಣೆ ಆಡಳಿತದ ಮೇಲೂ ಅಷ್ಟೇ ಇದೆ.